ವೈದ್ಯರ ಪ್ರಶ್ನೆ, ಗ್ರಂಥಪಾಲಕರ ಹುಡುಕಾಟ

2001ರ ಮೇ ತಿಂಗಳು. ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಉಬ್ಬಸಕ್ಕೆ ಸಂಬಂಧಿಸಿದ ಪ್ರಯೋಗವೊಂದು ನಡೆಯುತ್ತಿತ್ತು. ಆರೋಗ್ಯವಂತರ ಶ್ವಾಸನಾಳಗಳು ತಾವಾಗಿ ತೆರೆದುಕೊಂಡೇ ಇರುವುದು ಹೇಗೆ ಎಂಬುದು ಸಂಶೋಧಕರ ಕುತೂಹಲ. ಅದಕ್ಕಾಗಿ ಸ್ವಯಂಸೇವಕರಿಗೆ ಹೆಕ್ಸಾಮಿಥೋನಿಯಮ್ ಎಂಬ ರಾಸಾಯನಿಕವನ್ನು ಉಸಿರಿನ ಮೂಲಕ ಕೊಡಲಾಯಿತು. ಹಾಗೆ ಸೇವಿಸಿದವರಲ್ಲಿ 24 ವರ್ಷದ ಯುವತಿಯೊಬ್ಬಳಿಗೆ ಮರುದಿನವೇ ಕೆಮ್ಮು ಆರಂಭವಾಯಿತು. ಕೆಮ್ಮು ಜ್ವರಕ್ಕೆ ತಿರುಗಿ, ಶ್ವಾಸಕೋಶಗಳು ಕೆಟ್ಟು, ಜೂನ್ 2ರಂದು ಆಕೆ ತೀರಿಕೊಂಡಳು. ಪ್ರಯೋಗಕ್ಕೆ ಬರುವಾಗ ಆಕೆಗೆ ಯಾವ ರೋಗವೂ ಇರಲಿಲ್ಲ.

ತನಿಖೆ ನಡೆದಾಗ ಒಂದು ಸಂಗತಿ ಹೊರಬಿತ್ತು. ಹೆಕ್ಸಾಮಿಥೋನಿಯಮ್ ಹೊಸ ವಸ್ತುವಲ್ಲ. 1950ರ ದಶಕದಲ್ಲಿ ಅದನ್ನು ರಕ್ತದ ಒತ್ತಡ ಇಳಿಸುವ ಔಷಧವಾಗಿ ಧಾರಾಳವಾಗಿ ಬಳಸಲಾಗುತ್ತಿತ್ತು. ಅದನ್ನು ಸೇವಿಸಿದ ಕೆಲವು ರೋಗಿಗಳ ಶ್ವಾಸಕೋಶಗಳು ಕೆಟ್ಟದ್ದನ್ನು ಅಂದಿನ ವೈದ್ಯರು ಗಮನಿಸಿದ್ದರು, ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದೂ ಇದ್ದರು. 1972ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಅದಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತ್ತು. ಪ್ರಯೋಗಕ್ಕೆ ಮೊದಲು ಸಂಶೋಧಕರು ಹುಡುಕದೇ ಇರಲಿಲ್ಲ. ‘ಪಬ್‌ಮೆಡ್’ ಎಂಬ ಗಣಕ ಸೂಚಿಯಲ್ಲಿ ಹುಡುಕಿದ್ದರು. ಆದರೆ ಆಗ ಆ ಸೂಚಿ ಆರಂಭವಾಗುತ್ತಿದ್ದುದು 1966ರಿಂದ. ಎಚ್ಚರಿಕೆಯ ಮಾತುಗಳೋ ಅದಕ್ಕಿಂತ ಹಿಂದಿನ ಪುಟಗಳಲ್ಲಿದ್ದವು.

ಆ ಸಾವಿಗೆ ಹುಡುಕಾಟದ ಕೊರತೆಯೊಂದೇ ಕಾರಣ ಎನ್ನುವಂತಿಲ್ಲ. ಅನುಮತಿ ಪತ್ರದಲ್ಲಿ, ಮೇಲ್ವಿಚಾರಣೆಯಲ್ಲಿ ಕೂಡ ಲೋಪಗಳಿದ್ದವು. ಜುಲೈನಲ್ಲಿ ಅಮೆರಿಕ ಸರ್ಕಾರವು ತನ್ನ ಹಣದಿಂದ ಅಲ್ಲಿ ಮನುಷ್ಯರ ಮೇಲೆ ನಡೆಯುತ್ತಿದ್ದ ಹೆಚ್ಚುಕಡಿಮೆ ಎಲ್ಲ ಸಂಶೋಧನೆಗಳನ್ನೂ ಕೆಲಕಾಲ ನಿಲ್ಲಿಸಿತು. ಆದರೆ ಸುದ್ದಿ ಓದಿದ ಹಲವು ವೈದ್ಯಕೀಯ ಗ್ರಂಥಪಾಲಕರು ತಮ್ಮ ಕಪಾಟುಗಳತ್ತ ನಡೆದು, ಹಳೆಯ ಮುದ್ರಿತ ಸೂಚಿಗಳನ್ನು ತೆರೆದು, ಆ 1950ರ ದಶಕದ ಲೇಖನಗಳನ್ನು ಬೇಗನೆ ಪತ್ತೆಹಚ್ಚಿದರು. ಉತ್ತರ ಇತ್ತು, ಅದನ್ನು ಹಿಡಿದಿಟ್ಟಿದ್ದ ಪುಸ್ತಕವೂ ಇತ್ತು. ಯಾವ ಪುಸ್ತಕ ತೆರೆಯಬೇಕೆಂದು ಗೊತ್ತಿದ್ದವರನ್ನು ಯಾರೂ ಕೇಳಿರಲಿಲ್ಲ.

ಈ 1966ರ ಗೋಡೆ ಎಲ್ಲಿಂದ ಬಂತು? ಅದನ್ನು ತಿಳಿಯಲು ಸುಮಾರು ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು.

ಜಾನ್ ಶಾ ಬಿಲ್ಲಿಂಗ್ಸ್ ಎಂಬಾತ 1860ರಲ್ಲಿ ಸಿನ್ಸಿನಾಟಿಯಲ್ಲಿ ವೈದ್ಯ ವಿದ್ಯಾರ್ಥಿ. ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ ಎಂಬುದು ಅವನ ಪ್ರಬಂಧದ ವಿಷಯ. ಹಿಂದೆ ಯಾರು ಯಾರು ಇಂಥ ಚಿಕಿತ್ಸೆ ಮಾಡಿದ್ದಾರೆ, ಎಷ್ಟು ರೋಗಿಗಳು ಬದುಕಿದರು ಎಂದು ಲೆಕ್ಕ ಹಾಕಲು ಹೊರಟ. ಒಂದೊಂದೇ ಸಂಪುಟವನ್ನು ಕೈಯಲ್ಲಿ ಹಿಡಿದು ಪುಟ ತಿರುವಬೇಕಾಯಿತು. ಇರುವ ವಿಷಯಸೂಚಿಗಳನ್ನು ನಂಬುವಂತಿರಲಿಲ್ಲ; ಬೇಕಾದ ಪುಸ್ತಕಗಳೆಲ್ಲ ಒಂದೇ ಕಡೆ ಸಿಗುವಂತೆಯೂ ಇರಲಿಲ್ಲ. ಆ ಬೇಸರವೇ ಮುಂದೆ ಅವನ ಜೀವನದ ಕೆಲಸವಾಯಿತು.

ಅಂತರ್ಯುದ್ಧದಲ್ಲಿ ಸೇನಾ ಶಸ್ತ್ರವೈದ್ಯನಾಗಿ ದುಡಿದ ಬಿಲ್ಲಿಂಗ್ಸ್, 1865ರಲ್ಲಿ ವಾಷಿಂಗ್ಟನ್‌ನ ಸೇನಾ ವೈದ್ಯಾಧಿಕಾರಿಯ ಕಚೇರಿಯ ಸಣ್ಣ ಪುಸ್ತಕಾಲಯದ ಹೊಣೆ ಹೊತ್ತ. ಯುದ್ಧಕಾಲದ ಆಸ್ಪತ್ರೆಗಳ ಲೆಕ್ಕದಲ್ಲಿ ಉಳಿದಿದ್ದ ಸುಮಾರು 80 ಸಾವಿರ ಡಾಲರ್ ಈ ಪುಸ್ತಕಾಲಯದ ಪಾಲಿಗೆ ಬಂತು. ಪುಸ್ತಕಗಳಿಗೆ ಜಾಗ ಸಿಕ್ಕಿದ್ದು ಫೋರ್ಡ್ ನಾಟಕಶಾಲೆಯಲ್ಲಿ. ಅಧ್ಯಕ್ಷ ಲಿಂಕನ್ ಗುಂಡೇಟು ತಿಂದದ್ದು ಅಲ್ಲಿಯೇ. ಆ ಬಳಿಕ ಅಲ್ಲಿ ನಾಟಕ ಆಡುವುದು ನಿಂತಿತ್ತು. ಬಿಲ್ಲಿಂಗ್ಸ್ ದೇಶ ವಿದೇಶಗಳಿಂದ ವೈದ್ಯಗ್ರಂಥಗಳನ್ನೂ ಪತ್ರಿಕೆಗಳನ್ನೂ ತರಿಸಿಕೊಂಡ. ತರಿಸಿದ್ದು ದೊಡ್ಡದಲ್ಲ, ಪತ್ರಿಕೆಗಳ ಒಳಗಿನ ಒಂದೊಂದು ಲೇಖನಕ್ಕೂ ಚೀಟಿ ಬರೆಸಿದನಲ್ಲ, ಅದು ದೊಡ್ಡದು.

1879ರಲ್ಲಿ ರಾಬರ್ಟ್ ಫ್ಲೆಚರ್ ಎಂಬ ವೈದ್ಯನ ಜೊತೆ ಸೇರಿ ಆತ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದ. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಆ ತಿಂಗಳು ಯಾವ ವಿಷಯದ ಬಗ್ಗೆ ಏನು ಪ್ರಕಟವಾಯಿತು ಎಂಬ ಪಟ್ಟಿ ಅದು. ಮರುವರ್ಷ, 1880ರಲ್ಲಿ, ಪುಸ್ತಕಾಲಯದ ಒಟ್ಟು ಸಂಗ್ರಹದ ‘ಇಂಡೆಕ್ಸ್ ಕ್ಯಾಟಲಾಗ್’ ಮೊದಲ ಸಂಪುಟ ಹೊರಬಂತು. ಐದು ಶ್ರೇಣಿಗಳಲ್ಲಿ, 61 ಸಂಪುಟಗಳಾಗಿ, ಅದು 1961ರವರೆಗೂ ಬೆಳೆಯಿತು. ಅಮೆರಿಕ ವೈದ್ಯಶಾಸ್ತ್ರಕ್ಕೆ ಕೊಟ್ಟ ಕೊಡುಗೆಗಳಲ್ಲಿ ಅರಿವಳಿಕೆಯ ಶೋಧಕ್ಕಿಂತ ಈ ಗ್ರಂಥಾಲಯ ಮತ್ತು ಅದರ ಸೂಚಿಯೇ ಹಿರಿದು ಎಂಬುದು ಹಾಪ್‌ಕಿನ್ಸ್‌ನ ಪ್ರಸಿದ್ಧ ವೈದ್ಯ ವಿಲಿಯಂ ವೆಲ್ಚ್ ಅವರ ಅಭಿಪ್ರಾಯವಾಗಿತ್ತು. ಉತ್ಪ್ರೇಕ್ಷೆ ಅನ್ನಿಸಬಹುದು. ಆದರೆ ಅದೇ ಹಾಪ್‌ಕಿನ್ಸ್‌ನಲ್ಲಿ ನೂರು ವರ್ಷಗಳ ಬಳಿಕ ನಡೆದದ್ದನ್ನು ನೆನೆದರೆ ಹಾಗೆ ತಳ್ಳಿಹಾಕಲು ಮನಸ್ಸಾಗದು.

ಬಿಲ್ಲಿಂಗ್ಸ್‌ನ ಪುಸ್ತಕಾಲಯ 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವಾಯಿತು. 1960ರಲ್ಲಿ ಅಲ್ಲಿನವರು ಸೂಚಿಗೆ ಒಂದು ಕಟ್ಟುನಿಟ್ಟಾದ ಪದಪಟ್ಟಿ ತಯಾರಿಸಿದರು. ಇದು ಹೊರಗಿನವರಿಗೆ ಅಷ್ಟಾಗಿ ಕಾಣದ, ಆದರೆ ಬಹಳ ಮುಖ್ಯವಾದ ಹೆಜ್ಜೆ. ನಮ್ಮಲ್ಲೇ ಒಂದೇ ರೋಗವನ್ನು ಒಬ್ಬರು ಕಾಮಾಲೆ ಎನ್ನುತ್ತಾರೆ, ಇನ್ನೊಬ್ಬರು ಅರಿಶಿನ ಕಾಮಾಲೆ ಎನ್ನುತ್ತಾರೆ, ಮತ್ತೊಬ್ಬರು ಜಾಂಡೀಸ್ ಎನ್ನುತ್ತಾರೆ. ಇಂಗ್ಲಿಷಿನ ಲೇಖಕರೂ ಹೀಗೆಯೇ. ಒಬ್ಬ ‘ಹಾರ್ಟ್ ಅಟ್ಯಾಕ್’ ಎಂದು ಬರೆದರೂ, ಇನ್ನೊಬ್ಬ ‘ಕರೋನರಿ’ ಎಂದು ಬರೆದರೂ ಸೂಚಿಯಲ್ಲಿ ಎರಡೂ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂಬ ಒಂದೇ ತಲೆಬರಹದಡಿ ಬರಬೇಕು. ಹಾಗಿದ್ದರೆ ಮಾತ್ರ ಹುಡುಕುವವನಿಗೆ ಎಲ್ಲವೂ ಒಟ್ಟಿಗೆ ಸಿಗುತ್ತದೆ. ‘ಮೆಶ್’ ಎಂದು ಕರೆಯುವ ಈ ಪದಪಟ್ಟಿಯನ್ನು ಬಲ್ಲವರಿಗೂ ಬಲ್ಲದವರಿಗೂ ಹುಡುಕಾಟದಲ್ಲಿ ಸಿಗುವ ಫಲ ಬೇರೆ ಬೇರೆ.

1964ರಲ್ಲಿ ಸೂಚಿಯ ತಯಾರಿಕೆಗೆ ಗಣಕಯಂತ್ರ ಬಂತು. 1971ರಲ್ಲಿ ‘ಮೆಡ್‌ಲೈನ್’ ಹೆಸರಿನಲ್ಲಿ ದೂರವಾಣಿ ತಂತಿಯ ಮೂಲಕ ದೂರದ ಊರುಗಳಿಂದಲೂ ಹುಡುಕುವುದು ಸಾಧ್ಯವಾಯಿತು. 1997ರಲ್ಲಿ ಅದು ‘ಪಬ್‌ಮೆಡ್’ ಆಗಿ ಜಗತ್ತಿಗೆಲ್ಲ ಉಚಿತವಾಗಿ ತೆರೆದುಕೊಂಡಿತು. ಆದರೆ ಯಂತ್ರ ಬರುವ ಮೊದಲಿನ ಸೂಚಿಗಳು ಕಾಗದದಲ್ಲೇ ಉಳಿದವು. ಗಣಕದ ಪರದೆಯ ಮುಂದೆ ಕುಳಿತವನಿಗೆ 1966ರ ಹಿಂದೆ ವೈದ್ಯಶಾಸ್ತ್ರವೇ ಇರಲಿಲ್ಲವೇನೋ ಎಂಬಂತೆ ಕಾಣುತ್ತಿತ್ತು. ಪರದೆಯಾದರೂ ಅದನ್ನು ಹೇಳುತ್ತಿರಲಿಲ್ಲ. ಸಿಕ್ಕಿದ್ದನ್ನು ತೋರಿಸಿ ಸುಮ್ಮನಾಗುತ್ತಿತ್ತು.

ಈ ಗೋಡೆ ಕರ್ನಾಟಕದ ಮಟ್ಟಿಗೆ ಏನು ಮಾಡಿತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರಿಗೆ ವಿಚಿತ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಹೊಸ ವೈರಸ್ಸನ್ನು ಗುರುತಿಸಿದರು. ಅದನ್ನು ಉಣ್ಣಿಗಳು ಹರಡುತ್ತವೆ ಎಂದು ಕಂಡುಕೊಂಡರು. ಜನ ಮಂಗನ ಕಾಯಿಲೆ ಎಂದ ಆ ರೋಗಕ್ಕೆ ವೈದ್ಯಶಾಸ್ತ್ರ ಆ ಕಾಡಿನ ಹೆಸರನ್ನೇ ಇಟ್ಟಿತು. ಇಂದು ‘ಮೆಶ್’ ಪಟ್ಟಿಯಲ್ಲಿ ಕ್ಯಾಸನೂರು ಎಂಬುದು ಅಧಿಕೃತ ತಲೆಬರಹ. ಮಲೆನಾಡಿನ ಒಂದು ಸಣ್ಣ ಊರಿಗೆ ಇಂಥ ಸ್ಥಾನ ಅಪರೂಪ. ರೋಗದ ಲಕ್ಷಣಗಳನ್ನು ಮೊದಲ ಬಾರಿಗೆ ವಿವರಿಸಿದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರ ಬರಹಗಳು 1957ರಿಂದಲೇ ಪ್ರಕಟವಾದವು. ಎಂದರೆ ಮೊದಲ ಒಂಬತ್ತು ವರ್ಷಗಳ ಕೆಲಸ ಆ ಗೋಡೆಯ ಆಚೆಗೇ ಇತ್ತು. 2000ದ ಸುಮಾರಿಗೆ ಮಲೆನಾಡಿನ ಒಬ್ಬ ವೈದ್ಯ ಗಣಕದಲ್ಲಿ ಮಾತ್ರ ಹುಡುಕಿದ್ದರೆ, ತನ್ನ ಜಿಲ್ಲೆಯ ರೋಗದ ಆದಿಪರ್ವವೇ ಆತನಿಗೆ ಸಿಗುತ್ತಿರಲಿಲ್ಲ. ಹಳೆಯ ಸೂಚಿಗಳನ್ನು ಗಣಕಕ್ಕೆ ಏರಿಸುವ ಕೆಲಸ ನಡೆದು, ಈಗ ಪಬ್‌ಮೆಡ್‌ನ ಈ ಸೂಚಿ 1946ರವರೆಗೆ ಹಿಂದಕ್ಕೆ ಹೋಗುತ್ತದೆ.

ಸೂಚಿಯ ಮಾತು ಇಷ್ಟಾಯಿತು. ಆದರೆ ವೈದ್ಯರೂ ದಾದಿಯರೂ ಔಷಧಜ್ಞರೂ ಗ್ರಂಥಪಾಲಕರಲ್ಲಿ ತರುವ ಪ್ರಶ್ನೆಗಳಲ್ಲಿ ಎಲ್ಲವಕ್ಕೂ ಸೂಚಿ ಬೇಕಾಗುವುದಿಲ್ಲ. ಎಷ್ಟೋ ಪ್ರಶ್ನೆಗಳಿಗೆ ಕೈಗೆಟಕುವ ಒಂದು ಕಪಾಟು ಸಾಕು. ಅಲ್ಲಿ ಡಾರ್ಲೆಂಡ್‌ನ ವೈದ್ಯಕೀಯ ನಿಘಂಟು ಇರುತ್ತದೆ. ಮೊದಲು ಬಂದದ್ದು 1900ರಲ್ಲಿ. ನಿಘಂಟಿನ ಉಪಯೋಗ ಅರ್ಥ ತಿಳಿಯುವುದಕ್ಕಷ್ಟೇ ಅಲ್ಲ. ಇಂಗ್ಲಿಷರು ಗ್ರೇವ್ಸ್ ರೋಗ ಎನ್ನುವುದನ್ನು ಜರ್ಮನರು ಬಾಸೆಡೋ ರೋಗ ಎನ್ನುತ್ತಾರೆ. ಎರಡೂ ಒಂದೇ ಎಂದು ತಿಳಿಯದವರಿಗೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ.

1858ರಿಂದಲೂ ಪರಿಷ್ಕಾರಗೊಳ್ಳುತ್ತ ಬಂದಿರುವ ಗ್ರೇಯವರ ಅಂಗರಚನಾಶಾಸ್ತ್ರ ಅದರ ಪಕ್ಕದಲ್ಲಿರುತ್ತದೆ. ಗ್ರೇ 1861ರಲ್ಲೇ ಸಿಡುಬಿನಿಂದ ತೀರಿಕೊಂಡ. ಆ ಗ್ರಂಥದ ಚಿತ್ರಗಳನ್ನು ಬರೆದ ಹೆನ್ರಿ ವ್ಯಾಂಡೈಕ್ ಕಾರ್ಟರ್ ಬೊಂಬಾಯಿಗೆ ಬಂದು ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಬಹುಕಾಲ ದುಡಿದ, ಕುಷ್ಠರೋಗದ ಬಗ್ಗೆ ಅಧ್ಯಯನ ನಡೆಸಿದ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಔಷಧಗಳ ವಿಷಯಕ್ಕೆ ಬಂದರೆ ಗ್ರಂಥಪಾಲಕರು ತೆರೆಯುವುದು ಮಾರ್ಟಿಂಡೇಲ್. ಲಂಡನ್ನಿನ ಔಷಧ ವ್ಯಾಪಾರಿ ವಿಲಿಯಂ ಮಾರ್ಟಿಂಡೇಲ್ 1883ರಲ್ಲಿ ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳುವಂಥ ಸಣ್ಣ ಪುಸ್ತಕವಾಗಿ ತಂದ. ಸರ್ಕಾರಿ ಔಷಧಸಂಹಿತೆಯಲ್ಲಿ ಇಲ್ಲದ ಹೆಚ್ಚಿನ ಔಷಧಗಳ ವಿವರ ಕೊಡುವುದು ಅವನ ಉದ್ದೇಶ. ಕಾಲಕ್ರಮದಲ್ಲಿ ಅದು ಎತ್ತಲು ಎರಡು ಕೈ ಬೇಕಾಗುವಷ್ಟು ಬೆಳೆಯಿತು. ಅದರ ನಿಜವಾದ ಬಲ ಇರುವುದು ಹೆಸರುಗಳಲ್ಲಿ. ಒಂದೇ ಔಷಧಕ್ಕೆ ದೇಶದಿಂದ ದೇಶಕ್ಕೆ ಹೆಸರು ಬೇರೆ. ನಾವು ಪ್ಯಾರಾಸಿಟಮಾಲ್ ಎನ್ನುವುದು ಅಮೆರಿಕದಲ್ಲಿ ಅಸಿಟಮಿನೋಫೆನ್. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಪೆಥಿಡಿನ್ ಅಲ್ಲಿ ಮೆಪೆರಿಡಿನ್. ಅಡ್ರಿನಲಿನ್ ಅಲ್ಲಿ ಎಪಿನೆಫ್ರಿನ್. ಇದರ ಮೇಲೆ ಕಂಪನಿಗಳು ಇಡುವ ವ್ಯಾಪಾರಿ ಹೆಸರುಗಳು ಬೇರೆ.

ಇದು ಬರೀ ಪಾಂಡಿತ್ಯದ ಮಾತಲ್ಲ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಮೈಸೂರಿಗೋ ಹುಬ್ಬಳ್ಳಿಗೋ ಮರಳುವ ತಂದೆತಾಯಿಗಳು ಅಲ್ಲಿನ ವೈದ್ಯರು ಕೊಟ್ಟ ಮಾತ್ರೆಯ ಡಬ್ಬಿಯನ್ನು ಜೊತೆಗೆ ತರುತ್ತಾರೆ. ಇಲ್ಲಿನ ವೈದ್ಯರು ಬೇರೆ ಹೆಸರಿನಲ್ಲಿ ಅದೇ ಔಷಧವನ್ನು ಬರೆದುಕೊಟ್ಟರೆ ರೋಗಿ ಎರಡನ್ನೂ ನುಂಗುವ ಅಪಾಯವಿದೆ. ‘ಈ ಡಬ್ಬಿಯಲ್ಲಿರುವುದು ಏನು?’ ಎಂಬ ಪ್ರಶ್ನೆಗೆ ಎರಡೇ ನಿಮಿಷದಲ್ಲಿ ಉತ್ತರ ಕೊಡುವ ಪುಸ್ತಕ ಮಾರ್ಟಿಂಡೇಲ್. ಔಷಧ ದೇಹದಲ್ಲಿ ಏನು ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದಕ್ಕೆ 1941ರಿಂದ ಗುಡ್‌ಮನ್ ಮತ್ತು ಗಿಲ್‌ಮನ್ ಅವರ ಗ್ರಂಥವಿದೆ. ಭಾರತದಲ್ಲಿ ತಯಾರಾಗುವ ಔಷಧ ಹೇಗಿರಬೇಕೆಂದು ಗೊತ್ತುಮಾಡುವ ಭಾರತೀಯ ಔಷಧಸಂಹಿತೆ ಮೊದಲು ಬಂದದ್ದು 1955ರಲ್ಲಿ. ವಿಷಪ್ರಾಶನದ ಪ್ರಶ್ನೆಯಾದರೆ ಪುಸ್ತಕ ಹುಡುಕುತ್ತ ಕೂರುವಂತಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ಯಾವುದಕ್ಕೆ ಕಪಾಟು, ಯಾವುದಕ್ಕೆ ಫೋನು ಎಂದು ತಿಳಿದಿರುವುದೂ ಗ್ರಂಥಪಾಲಕರ ವಿದ್ಯೆಯೇ.

ಪುಸ್ತಕ ತೆರೆಯುವ ಮೊದಲೇ ಪ್ರಶ್ನೆಯನ್ನು ಬಿಡಿಸಿಕೊಳ್ಳಬೇಕು. ಇದರಲ್ಲಿ ಮಾರ್ಗದರ್ಶಕರಾದ ಎಸ್.ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ಹದಿನೈದು ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಅವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1957ರಲ್ಲಿ ಬೆಂಗಳೂರಿಗೆ ಬಂದು 1962ರಲ್ಲಿ ಇಲ್ಲಿ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅವರ ಕೋಲನ್ ವರ್ಗೀಕರಣವನ್ನು ವಿವರಿಸುವಾಗ ಇಂದಿಗೂ ಕೊಡುವ ಪ್ರಸಿದ್ಧ ಉದಾಹರಣೆ ವೈದ್ಯಕೀಯದ್ದೇ. ಭಾರತದಲ್ಲಿ 1950ರಲ್ಲಿ ಶ್ವಾಸಕೋಶದ ಕ್ಷಯಕ್ಕೆ ಕ್ಷಕಿರಣ ಚಿಕಿತ್ಸೆಯ ಬಗ್ಗೆ ನಡೆದ ಸಂಶೋಧನೆ ಎಂಬ ವಿಷಯವನ್ನು ಅವರ ಪದ್ಧತಿ ಬಿಡಿಬಿಡಿಯಾಗಿ ಒಡೆಯುತ್ತದೆ: ಶಾಸ್ತ್ರ ಯಾವುದು, ಅಂಗ ಯಾವುದು, ರೋಗ ಯಾವುದು, ಚಿಕಿತ್ಸೆ ಏನು, ಎಲ್ಲಿ, ಯಾವಾಗ. ಒಂದೊಂದಕ್ಕೂ ಒಂದು ಸಂಕೇತ. ವೈದ್ಯರ ಪ್ರಶ್ನೆಯನ್ನು ಎದುರಿಸುವ ಗ್ರಂಥಪಾಲಕರು ಮಾಡುವುದೂ ಇದನ್ನೇ.

‘ಸಕ್ಕರೆ ಕಾಯಿಲೆ ಮೇಲೆ ಏನಾದರೂ ಇದೆಯೇ?’ ಎಂದು ಒಬ್ಬ ವೈದ್ಯರು ಕೇಳುತ್ತಾರೆ ಅನ್ನೋಣ. ಹಾಗೆಯೇ ಹುಡುಕಿದರೆ ಲಕ್ಷಗಟ್ಟಲೆ ಲೇಖನಗಳು ಬಂದು ಬೀಳುತ್ತವೆ. ನಾಲ್ಕು ಮಾತು ಕೇಳಿದ ಮೇಲೆ ಗೊತ್ತಾಗುವುದೇ ಬೇರೆ: ಆಸ್ಪತ್ರೆಯಲ್ಲಿ ಗರ್ಭಿಣಿಯೊಬ್ಬರಿದ್ದಾರೆ, ಇನ್ಸುಲಿನ್ ಚುಚ್ಚಿಸಿಕೊಳ್ಳಲು ಒಲ್ಲರು, ಮಾತ್ರೆ ಕೊಟ್ಟರೆ ಮಗುವಿಗೆ ತೊಂದರೆಯೇ ಎಂಬುದು ನಿಜವಾದ ಪ್ರಶ್ನೆ. ರೋಗಿ ಯಾರು, ಕೊಡಬೇಕೆಂದಿರುವುದು ಏನು, ಅದಕ್ಕೆ ಬದಲಿ ಯಾವುದು, ಬಯಸುವ ಫಲ ಏನು ಎಂದು ಕೇಳದೆ ಸೂಚಿಗೆ ಕೈಹಾಕಿದರೆ ಸಮಯ ಹಾಳು. ಓದುಗರ ಸಮಯ ಉಳಿಸಬೇಕೆಂಬುದು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದರ ತಾತ್ಪರ್ಯ. ಓದುಗ ವೈದ್ಯನಾಗಿದ್ದರೆ ಆ ಸಮಯ ರೋಗಿಯದೂ ಹೌದು.

ಲೇಖನ ಸಿಕ್ಕಿತು ಅಂದರೆ ಉತ್ತರ ಸಿಕ್ಕಿತು ಎಂದೂ ಅಲ್ಲ. 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಐದು ವಾಕ್ಯಗಳ ಒಂದು ಪತ್ರ ಪ್ರಕಟವಾಯಿತು. ಮಾದಕ ನೋವುನಿವಾರಕ ಪಡೆದ ರೋಗಿಗಳಲ್ಲಿ ಚಟ ಅಪರೂಪ ಎಂಬುದು ಅದರ ಶೀರ್ಷಿಕೆ. ಒಳಗೆ ಹೇಳಿದ್ದು ಆಸ್ಪತ್ರೆಯಲ್ಲಿ ದಾಖಲಾಗಿದ್ದ ರೋಗಿಗಳ ಬಗ್ಗೆ ಮಾತ್ರ. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗುವವರ ಬಗ್ಗೆ ಅಲ್ಲ. ಆದರೂ ನೂರಾರು ಲೇಖಕರು ಅದನ್ನು ಆಧಾರವಾಗಿ ಉದಾಹರಿಸಿದರು. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ಪರಿಶೀಲನೆಯೊಂದು ಇಂಥ 608 ಉಲ್ಲೇಖಗಳನ್ನು ಎಣಿಸಿತು. ಹತ್ತರಲ್ಲಿ ಎಂಟು ಮಂದಿ ಅದು ಆಸ್ಪತ್ರೆಯ ರೋಗಿಗಳ ಮಾತೆಂಬುದನ್ನೇ ಹೇಳಿರಲಿಲ್ಲ. ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ಆ ಔಷಧಗಳ ಚಟ ಲಕ್ಷಾಂತರ ಮನೆಗಳನ್ನು ಹೊಕ್ಕಿತ್ತು. ಶೀರ್ಷಿಕೆ ಕೊಟ್ಟು ಕಳುಹಿಸದೆ ಮೂಲ ಬರಹವನ್ನೇ ತರಿಸಿಕೊಡುವ ಗ್ರಂಥಪಾಲಕರ ಹಟ ಸುಮ್ಮನೆ ಅಲ್ಲ.

ಮೂಲಗಳು ಹತ್ತಾರು ಇದ್ದು ಅವು ಒಂದಕ್ಕೊಂದು ಹೊಂದದೇ ಹೋದರೆ? ಅಕಾಲದಲ್ಲಿ ಹೆರಿಗೆಯಾಗುವ ತಾಯಂದಿರಿಗೆ ಮೊದಲೇ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬಲವಾಗುತ್ತದೆ ಎಂಬ ಪ್ರಯೋಗದ ವರದಿ 1972ರಲ್ಲಿ ಬಂತು. ಆಮೇಲೆ ಇನ್ನೂ ಹಲವು ಪ್ರಯೋಗಗಳು ನಡೆದವು. ಒಂದೊಂದೂ ಚಿಕ್ಕದು, ಕೆಲವು ಖಚಿತವಾಗಿ ಏನನ್ನೂ ಹೇಳಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದ ವಿಮರ್ಶೆ ಪ್ರಕಟವಾದದ್ದು 1989ರಲ್ಲಿ. ಅಗ್ಗದ ಆ ಮದ್ದು ಮಕ್ಕಳ ಸಾವನ್ನು ಮೂರನೇ ಒಂದು ಭಾಗದಷ್ಟಾದರೂ ತಗ್ಗಿಸುತ್ತದೆ ಎಂದು ಆಗ ಸ್ಪಷ್ಟವಾಯಿತು. ನಡುವಿನ ವರ್ಷಗಳಲ್ಲಿ ಹುಟ್ಟಿ ಉಸಿರಾಡಲಾರದೆ ಹೋದ ಕೂಸುಗಳ ಲೆಕ್ಕ ಇಟ್ಟವರಿಲ್ಲ. ಇಂಥ ಒಟ್ಟು ವಿಮರ್ಶೆಗಳಿಗೆಂದೇ 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಘಟನೆ, ಈ ಪ್ರಯೋಗಗಳಲ್ಲಿ ಏಳರ ಗೆರೆಚಿತ್ರವನ್ನೇ ತನ್ನ ಲಾಂಛನ ಮಾಡಿಕೊಂಡಿತು. 2007ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಣ ತೆತ್ತು ಕಾಕ್ರೇನ್ ಗ್ರಂಥಾಲಯವನ್ನು ದೇಶದವರೆಲ್ಲ ಓದುವಂತೆ ಮಾಡಿತು. ಈಗ ಚಿಕಿತ್ಸೆಯ ಪ್ರಶ್ನೆ ಬಂದರೆ ಗ್ರಂಥಪಾಲಕರು ಮೊದಲು ನೋಡುವ ಕಡೆಗಳಲ್ಲಿ ಅದೂ ಒಂದು.

ಗ್ರಂಥಪಾಲಕರು ಮೇಜು ಬಿಟ್ಟು ಏಳಬೇಕು ಎಂದು ಯೋಚಿಸಿದವರೂ ಉಂಟು. 1971ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಗರ್ಟ್ರೂಡ್ ಲ್ಯಾಂಬ್ ಎಂಬಾಕೆ ವೈದ್ಯರ ಜೊತೆ ವಾರ್ಡುಗಳಿಗೆ ಗ್ರಂಥಪಾಲಕರನ್ನು ಕಳುಹಿಸುವ ಪದ್ಧತಿ ಆರಂಭಿಸಿದರು. ಹಾಸಿಗೆಯ ಪಕ್ಕದಲ್ಲೇ ಪ್ರಶ್ನೆ ಕೇಳಿಸಿಕೊಂಡು ಉತ್ತರ ಹುಡುಕಿ ತರುವುದು ಅವರ ಕೆಲಸ. ಇದರಿಂದ ಏನು ಫಲ ಎಂದು ಅಳೆಯಲು 1992ರಲ್ಲಿ ಪ್ರಕಟವಾದ ರೋಚೆಸ್ಟರ್ ಅಧ್ಯಯನ ಪ್ರಯತ್ನಿಸಿತು. ಆಸ್ಪತ್ರೆಯ ಗ್ರಂಥಾಲಯದಿಂದ ಮಾಹಿತಿ ಪಡೆದ 208 ವೈದ್ಯರಲ್ಲಿ ನೂರಕ್ಕೆ 80ರಷ್ಟು ಮಂದಿ, ಅದರಿಂದ ತಮ್ಮ ಚಿಕಿತ್ಸೆಯಲ್ಲಿ ಏನಾದರೊಂದು ಬದಲಾಯಿತು ಎಂದರು. ನೂರಕ್ಕೆ 45 ಮಂದಿ ಔಷಧ ಬದಲಿಸಿದ್ದರು, 29 ಮಂದಿ ರೋಗನಿರ್ಣಯವನ್ನೇ ಬದಲಿಸಿದ್ದರು. ಇದು ವೈದ್ಯರೇ ಹೇಳಿಕೊಂಡದ್ದು. ಅಷ್ಟರ ಮಟ್ಟಿಗೆ ಜರಡಿ ಹಿಡಿದೇ ಓದಬೇಕು. ಅರ್ಧದಷ್ಟೇ ನಿಜವಾದರೂ ಸಣ್ಣ ಮಾತಲ್ಲ.

ನಮ್ಮ ಕಾಲೇಜುಗಳಿಗೆ ಬಹುಕಾಲ ಕಾಡಿದ್ದು ಬೇರೆಯೇ ತೊಂದರೆ. ವಿದೇಶಿ ಪತ್ರಿಕೆಗಳ ಚಂದಾ ಒಂದೊಂದು ಕಾಲೇಜಿಗೆ ಎಟುಕುವಂತಿರಲಿಲ್ಲ. ಸೂಚಿಯಲ್ಲಿ ಲೇಖನದ ಹೆಸರು ಕಾಣುತ್ತಿತ್ತು, ಲೇಖನ ಮಾತ್ರ ಇರುತ್ತಿರಲಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ‘ಹೆಲಿನೆಟ್’ ಎಂಬ ಒಕ್ಕೂಟ ಕಟ್ಟಿ, ಕರ್ನಾಟಕದ ಕಾಲೇಜುಗಳು ಸೇರಿ ಹಣ ಹಾಕಿ ಪತ್ರಿಕೆಗಳನ್ನು ಗಣಕದ ಮೂಲಕ ಹಂಚಿಕೊಳ್ಳುವಂತೆ ಮಾಡಿತು.

ಇಂಡೆಕ್ಸ್ ಮೆಡಿಕಸ್‌ನ ಮುದ್ರಣ 2004ರ ಡಿಸೆಂಬರಿನಲ್ಲಿ ನಿಂತಿತು. ಪಬ್‌ಮೆಡ್‌ನಲ್ಲಿ ಈಗ ಮೂರೂವರೆ ಕೋಟಿಗೂ ಹೆಚ್ಚು ನಮೂದುಗಳಿವೆ. ಗೋಡೆ 1966ರಿಂದ 1946ಕ್ಕೆ ಸರಿದಿದೆ, ಬಿದ್ದಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಹಾಫ್‌ಕಿನ್‌ನ ಪ್ಲೇಗ್ ಲಸಿಕೆಯನ್ನು ಸಾವಿರಾರು ಜನರಿಗೆ ಹಾಕಲಾಯಿತು. ಅಂದಿನ ವೈದ್ಯರು ಕಂಡದ್ದೇನು ಎಂದು ಇಂದಿನ ವೈದ್ಯರೊಬ್ಬರು ಕೇಳಿದರೆ ಪಬ್‌ಮೆಡ್ ಅವರನ್ನು ಬಹುದೂರ ಒಯ್ಯದು. ಮಾಸಿಕ ಇಂಡೆಕ್ಸ್ ಮೆಡಿಕಸ್ ಹಣವಿಲ್ಲದೆ ನಿಂತುಹೋದದ್ದು 1899ರಲ್ಲಿ, ಮತ್ತೆ ಶುರುವಾದದ್ದು 1903ರಲ್ಲಿ. ಪ್ಲೇಗಿನ ವರ್ಷಗಳೇ ಅದರಲ್ಲಿ ಖಾಲಿ. ನಡುವಿನ ಮೂರು ವರ್ಷಕ್ಕೆ ಪ್ಯಾರಿಸ್‌ನಿಂದ ಹೊರಟ ಇನ್ನೊಂದು ಸೂಚಿ ಇದೆ. ಅದು ಸಿಗದಿದ್ದರೆ ಬಿಲ್ಲಿಂಗ್ಸ್‌ನ ಇಂಡೆಕ್ಸ್ ಕ್ಯಾಟಲಾಗ್‌ನ ಎರಡನೆಯ ಶ್ರೇಣಿ, 1896ರಿಂದ 1916ರವರೆಗೆ ಬಂದ 21 ಸಂಪುಟಗಳು. ಅವುಗಳಲ್ಲಿ ‘ಪಿ’ ಅಕ್ಷರದ ಸಂಪುಟವನ್ನು ಇಳಿಸಿ, ಧೂಳು ಕೊಡವಿ, ಪ್ಲೇಗ್ ಎಂಬ ತಲೆಬರಹದ ಕೆಳಗೆ ಸಣ್ಣ ಅಕ್ಷರಗಳಲ್ಲಿ ಸಾಲುಗಟ್ಟಿರುವ ನಮೂದುಗಳನ್ನು ಒಂದೊಂದಾಗಿ ಓದಬೇಕು.